ಮಿದುಳಿನ ಉರಿಯೂತ ಮತ್ತು ನೈಸರ್ಗಿಕ ಸಂಯುಕ್ತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿದುಳಿನ ಉರಿಯೂತ ಎಂದು ಕರೆಯುವುದು ಯಾವುದನ್ನು?

ಈ ಒಂದು ಹೆಸರಿನಡಿ ಎರಡು ಬೇರೆ ಬೇರೆ ಸ್ಥಿತಿಗಳು ಸೇರಿಕೊಂಡಿವೆ. ಈ ವಿಷಯದ ಸುತ್ತಲಿನ ಗೊಂದಲದ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು ಎನ್‌ಸೆಫಲೈಟಿಸ್. ಹರ್ಪಿಸ್ ಸಿಂಪ್ಲೆಕ್ಸ್‌ನಂಥ ವೈರಸ್ ಮಿದುಳನ್ನು ಹೊಕ್ಕಾಗ, ಇಲ್ಲವೇ ದೇಹದ ಪ್ರತಿಕಾಯಗಳೇ ನರಕೋಶಗಳ ಮೇಲೆ ಎರಗಿದಾಗ, ಕೆಲವು ದಿನ ಅಥವಾ ವಾರಗಳಲ್ಲಿ ಉಲ್ಬಣಿಸುವ ತೀವ್ರ ಕಾಯಿಲೆ ಇದು. ಹರ್ಪಿಸ್‌ನಿಂದ ಬಂದದ್ದಾದರೆ ಎಸೈಕ್ಲೊವಿರ್ ಔಷಧವನ್ನು ರಕ್ತನಾಳದ ಮೂಲಕ ಬೇಗನೆ ಆರಂಭಿಸಬೇಕಾಗುತ್ತದೆ. 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ವಿವರಿಸಿದ, ನರಕೋಶಗಳ ಮೇಲಿರುವ ಎನ್‌ಎಂಡಿಎ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳು ಹುಟ್ಟುವ ಎನ್‌ಸೆಫಲೈಟಿಸ್ ಮೊದಮೊದಲು ಮಾನಸಿಕ ಕಾಯಿಲೆಯಂತೆಯೇ ತೋರುವುದುಂಟು. ಅದಕ್ಕೆ ಸ್ಟೀರಾಯ್ಡ್, ಇಮ್ಯುನೊಗ್ಲೋಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ರಿಟುಕ್ಸಿಮ್ಯಾಬ್‌ನಂಥ ಚಿಕಿತ್ಸೆಗಳಿವೆ. ಜ್ವರದೊಂದಿಗೆ ಗೊಂದಲ, ಫಿಟ್ಸ್, ತೀವ್ರ ತಲೆನೋವು, ಇದ್ದಕ್ಕಿದ್ದಂತೆ ಬದಲಾದ ನಡವಳಿಕೆ ಕಂಡರೆ ಅದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕಾದ ಹೊತ್ತು. ಅಲ್ಲಿ ಯಾವ ಗಿಡಮೂಲಿಕೆಗೂ ಪೂರಕ ಮಾತ್ರೆಗೂ ಕೆಲಸವಿಲ್ಲ.

ಎರಡನೆಯದು ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ನಡೆಯುವ ಪ್ರಕ್ರಿಯೆ. ಆಲ್‌ಝೈಮರ್, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ (ರೋಗನಿರೋಧಕ ವ್ಯವಸ್ಥೆಯೇ ನರಗಳ ಹೊದಿಕೆಯ ಮೇಲೆ ಎರಗುವ ಕಾಯಿಲೆ), ತಲೆಗೆ ಬಿದ್ದ ಪೆಟ್ಟಿನ ನಂತರದ ಸ್ಥಿತಿ, ಖಿನ್ನತೆಯ ಕೆಲವು ಪ್ರಕರಣಗಳು, ಇವುಗಳಲ್ಲೆಲ್ಲ ಮಿದುಳಿನ ರೋಗನಿರೋಧಕ ಕೋಶಗಳು ಬಹುಕಾಲ ಚುರುಕಾಗಿರುವುದು ಕಂಡುಬಂದಿದೆ. ಮುಂದಿನ ಉತ್ತರಗಳೆಲ್ಲ ಈ ಎರಡನೆಯ ಬಗೆಗೆ ಸಂಬಂಧಿಸಿದವು.

ಉರಿಯೂತ ಕೆಟ್ಟದ್ದೆಂದಾದರೆ ಅದನ್ನು ಪೂರ್ತಿಯಾಗಿ ಅಡಗಿಸಿಬಿಡಬಾರದೇಕೆ?

ಅದು ಯಾವಾಗಲೂ ಕೆಟ್ಟದ್ದಲ್ಲ. ಮಿದುಳಿನ ಕೋಶಗಳಲ್ಲಿ ಶೇ 5ರಿಂದ 15ರಷ್ಟಿರುವ ಮೈಕ್ರೊಗ್ಲಿಯಾ ಎಂಬ ರೋಗನಿರೋಧಕ ಕೋಶಗಳನ್ನು ಸ್ಪೇನಿನ ಪಿಯೊ ಡೆಲ್ ರಿಯೊ ಒರ್ಟೆಗಾ 1919ರಲ್ಲಿ ಗುರುತಿಸಿದರು. ಆರೋಗ್ಯವಂತ ಮಿದುಳಿನಲ್ಲಿ ಇವು ಸುಮ್ಮನೆ ನಿದ್ದೆ ಹೋಗಿರುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು. 2005ರಲ್ಲಿ ಬದುಕಿರುವ ಇಲಿಯ ತಲೆಬುರುಡೆಯನ್ನು ತೆಳುವಾಗಿಸಿ, ಅದರ ಮೂಲಕ ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದಾಗ ಬೇರೆಯದೇ ಚಿತ್ರ ಕಾಣಿಸಿತು: ಕೋಶದ ಒಡಲು ಇದ್ದಲ್ಲೇ ಇದ್ದರೂ ಅದರ ಕವಲುಗಳು ಬಿಡುವಿಲ್ಲದೆ ಚಾಚುತ್ತ, ಹಿಂದೆ ಸರಿಯುತ್ತ ಸುತ್ತಲಿನ ಜಾಗವನ್ನು ತಡವಿ ನೋಡುತ್ತಿದ್ದವು, ಲೇಸರ್‌ನಿಂದ ಒಂದು ಸಣ್ಣ ರಕ್ತನಾಳಕ್ಕೆ ಗಾಯ ಮಾಡಿದ ಕೆಲವೇ ನಿಮಿಷಗಳಲ್ಲಿ ಅಕ್ಕಪಕ್ಕದ ಕವಲುಗಳೆಲ್ಲ ಆ ಕಡೆ ಧಾವಿಸಿ ಗಾಯವನ್ನು ಸುತ್ತುವರಿದವು. ಸತ್ತ ಕೋಶಗಳನ್ನು ತೆಗೆಯುವುದು, ಬೇಡವಾದ ನರಸಂಧಿಗಳನ್ನು ಕತ್ತರಿಸುವುದು, ಸೋಂಕನ್ನು ಎದುರಿಸುವುದು ಇವುಗಳ ನಿತ್ಯದ ಕೆಲಸ. ಆ ಕೆಲಸ ನಿಂತರೂ ಮಿದುಳು ಕೆಡುತ್ತದೆ.

ಅಡಗಿಸುವ ಪ್ರಯತ್ನಗಳು ಏನಾದವೆಂಬುದಕ್ಕೆ ದಾಖಲೆಯೂ ಇದೆ. ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಪ್ರಾಣಿಗಳಲ್ಲಿ ಮೈಕ್ರೊಗ್ಲಿಯಾದ ಉದ್ರೇಕವನ್ನು ಇಳಿಸುತ್ತದೆಂದು ಕಂಡ ಮೇಲೆ ಅದನ್ನು ಎಎಲ್‌ಎಸ್ ಎಂಬ ನರಸ್ನಾಯು ಕಾಯಿಲೆಯ 412 ಮಂದಿಯಲ್ಲಿ ಪರೀಕ್ಷಿಸಲಾಯಿತು. 2007ರಲ್ಲಿ ಫಲಿತಾಂಶ ಬಂದಾಗ, ಔಷಧ ಪಡೆದವರು ಹುಸಿಮಾತ್ರೆ (ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಮಾತ್ರೆ) ಪಡೆದವರಿಗಿಂತ ಶೇ 25ರಷ್ಟು ವೇಗವಾಗಿ ಶಕ್ತಿಗುಂದಿದ್ದರು. ಆಲ್‌ಝೈಮರ್ ತಡೆಯಲೆಂದು ನ್ಯಾಪ್ರೊಕ್ಸೆನ್ ಮತ್ತು ಸೆಲೆಕಾಕ್ಸಿಬ್ ಎಂಬ ಉರಿಯೂತ ನಿವಾರಕಗಳನ್ನು ವಯಸ್ಸಾದವರಿಗೆ ಕೊಟ್ಟ ಪ್ರಯೋಗದಲ್ಲಿ 2004ರಲ್ಲಿ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು, ಅದರಿಂದ ರಕ್ಷಣೆಯೂ ಸಿಗಲಿಲ್ಲ. ಆದ್ದರಿಂದ ಯಾವುದೇ ವಸ್ತು “ಉರಿಯೂತವನ್ನು ಕಡಿಮೆ ಮಾಡುತ್ತದೆ” ಎಂದಾಗ ಕೇಳಬೇಕಾದ ಪ್ರಶ್ನೆ ಯಾರಲ್ಲಿ, ಯಾವ ಕಾಯಿಲೆಯಲ್ಲಿ, ಯಾವ ಹಂತದಲ್ಲಿ ಎಂಬುದು.

ನನ್ನ ಮಿದುಳಿನಲ್ಲಿ ಉರಿಯೂತವಿದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯಬಹುದೇ?

ನೇರವಾಗಿ ತಿಳಿಯಲಾಗದು. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಇಡೀ ದೇಹದ ಉರಿಯೂತದ ಸೂಚಕ. ಹಲ್ಲಿನ ಸೋಂಕಿನಿಂದಲೂ ಬೊಜ್ಜಿನಿಂದಲೂ ಅದು ಏರಬಹುದು. ಬೆನ್ನುಹುರಿ ದ್ರವದ ಪರೀಕ್ಷೆ ಮತ್ತು ಗ್ಯಾಡೊಲಿನಿಯಂ ಕೊಟ್ಟು ಮಾಡುವ ಎಂಆರ್‌ಐ ನಿರ್ದಿಷ್ಟ ಕಾಯಿಲೆಗಳಲ್ಲಿ ಉಪಯುಕ್ತ. ಉದ್ರಿಕ್ತ ಮೈಕ್ರೊಗ್ಲಿಯಾವನ್ನು ತೋರಿಸಲೆತ್ನಿಸುವ ಪೆಟ್ ಸ್ಕ್ಯಾನ್ ಈಗಲೂ ಬಹುತೇಕ ಸಂಶೋಧನೆಗೇ ಸೀಮಿತ. ಮಂಕು ಕವಿದಂತಾಗುವುದು, ಮರೆವು, ದಣಿವು ಇವೆಲ್ಲ ಇದ್ದ ಮಾತ್ರಕ್ಕೆ ಮಿದುಳು ಉರಿಯುತ್ತಿದೆ ಎಂದಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆ, ಖಿನ್ನತೆ, ಈಗಾಗಲೇ ಸೇವಿಸುತ್ತಿರುವ ಔಷಧಗಳು ಇವನ್ನೆಲ್ಲ ಮೊದಲು ಪರಿಶೀಲಿಸಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಸರಳವಾದ, ಖಚಿತವಾದ ಚಿಕಿತ್ಸೆಯಿದೆ.

ಹಾಗೆಂದು ಸಿಆರ್‌ಪಿ ನಿರುಪಯೋಗಿಯಲ್ಲ. ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ 60 ಮಂದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರಬಲ ಉರಿಯೂತ ನಿರೋಧಕವನ್ನು ಪರೀಕ್ಷಿಸಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆಯಾಗಿ ಪ್ರಯೋಜನ ಕಾಣಲಿಲ್ಲ. ಆದರೆ ಆರಂಭದಲ್ಲಿಯೇ ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದವರು ಚೇತರಿಕೆಯ ಲಕ್ಷಣ ತೋರಿದರು. ಕಡಿಮೆಯಿದ್ದವರಲ್ಲಿ ಹುಸಿಮಾತ್ರೆಯ ಗುಂಪೇ ಮೇಲಿತ್ತು. ಈ ಕ್ಷೇತ್ರದ ಬಗ್ಗೆ ಒಂದೇ ಒಂದು ಅಧ್ಯಯನವನ್ನು ನೆನಪಿನಲ್ಲಿಡಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಕ್ಕೂ ಹೊಂದಿಸುವುದಕ್ಕೂ ವ್ಯತ್ಯಾಸವೇನು?

ಹೆಚ್ಚಿಸುವ ವಸ್ತು ಪ್ರತಿಕ್ರಿಯೆಯನ್ನು ಏರಿಸುತ್ತದೆ, ಅಡಗಿಸುವುದು ಇಳಿಸುತ್ತದೆ, ಹೊಂದಿಸುವುದು ಒಂದು ಬಗೆಯ ಪ್ರತಿಕ್ರಿಯೆಯನ್ನು ತಗ್ಗಿಸಿ ಇನ್ನೊಂದಕ್ಕೆ ಅವಕಾಶ ಕೊಡುತ್ತದೆ. ಪೂರಕಗಳ ಡಬ್ಬಿಗಳ ಮೇಲೆ ಈ ಮೂರನ್ನೂ ಒಂದೇ ಎಂಬಂತೆ ಬರೆದಿರುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಲೂಪಸ್‌ನಂಥ ಸ್ವಯಂಪ್ರತಿರಕ್ಷಣಾ ಕಾಯಿಲೆ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಎರಗುವಂಥದ್ದು) ಇರುವವರು “ಶಕ್ತಿವರ್ಧಕ” ಎಂಬ ಹೆಸರಿನಲ್ಲಿ ಎಕಿನೇಷಿಯಾದಂಥ ಪ್ರಚೋದಕ ಮೂಲಿಕೆಗಳನ್ನು ಸೇವಿಸದಿರುವುದು ಒಳ್ಳೆಯದು. ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಲಿವರ್‌ಗೆ ಹಾನಿ ಮಾಡಿದ ಪ್ರಕರಣಗಳೂ ವರದಿಯಾಗಿವೆ.

ಅರಿಶಿನದ ಕುರ್ಕುಮಿನ್ ನಿಜವಾಗಿಯೂ ಕೆಲಸ ಮಾಡುತ್ತದೆಯೇ?

ಹೆಚ್ಚು ಕೇಳಲಾಗುವ ಪ್ರಶ್ನೆ ಇದೇ ಆದ್ದರಿಂದ ಉತ್ತರವೂ ಉದ್ದವಾಗುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಕುರ್ಕುಮಿನ್ ಹಾಕಿದರೆ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ತಗ್ಗುತ್ತದೆ, ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್‌ಗಳಂಥ ಸಂದೇಶವಾಹಕಗಳ ಸ್ರಾವ ಕಡಿಮೆಯಾಗುತ್ತದೆ. ಆದರೆ ಕುರ್ಕುಮಿನ್ ನೀರಿನಲ್ಲಿ ಕರಗದು, ಕರುಳಿನಿಂದ ಸರಿಯಾಗಿ ಹೀರಲ್ಪಡದು, ಹೀರಲ್ಪಟ್ಟದ್ದನ್ನೂ ಲಿವರ್ ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ರಕ್ತಕ್ಕೇ ಅಷ್ಟು ಕಡಿಮೆ ತಲುಪುವ ವಸ್ತು ರಕ್ತ-ಮಿದುಳಿನ ನಡುವಿನ ತಡೆಯನ್ನೂ ದಾಟಿ ಕೆಲಸ ಮಾಡಬೇಕು. ಇದಲ್ಲದೆ ಕುರ್ಕುಮಿನ್‌ಗೆ ಪ್ರಯೋಗಾಲಯದ ಪರೀಕ್ಷೆಗಳನ್ನೇ ದಾರಿತಪ್ಪಿಸುವ ಗುಣವಿದೆ: ಅದು ತಾನೇ ಬೆಳಕು ಸೂಸುತ್ತದೆ, ಲೋಹಗಳಿಗೆ ಅಂಟುತ್ತದೆ, ಹಲವು ಪ್ರೋಟೀನುಗಳಿಗೆ ಸುಮ್ಮಸುಮ್ಮನೆ ತಗುಲಿಕೊಳ್ಳುತ್ತದೆ, ಹೀಗಾಗಿ ಪರಿಣಾಮವಿಲ್ಲದ ಕಡೆಯೂ ಇದ್ದಂತೆ ತೋರಬಹುದು. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಇದನ್ನು ವಿವರವಾಗಿ ಎತ್ತಿ ತೋರಿಸಿತು.

ಮನುಷ್ಯರಲ್ಲಿ ಸಿಕ್ಕ ಫಲಿತಾಂಶಗಳು ಎರಡು ದಿಕ್ಕಿನವು. ಆಲ್‌ಝೈಮರ್ ಇದ್ದ 36 ಮಂದಿಯಲ್ಲಿ ದಿನಕ್ಕೆ 2 ಅಥವಾ 4 ಗ್ರಾಂ ಪ್ರಮಾಣವನ್ನು ಪರೀಕ್ಷಿಸಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಯೋಜನವಾಗಲಿಲ್ಲ. ಹೆಚ್ಚು ಹೀರಲ್ಪಡುವಂತೆ ತಯಾರಿಸಿದ ಕುರ್ಕುಮಿನನ್ನು ಡಿಮೆನ್ಷಿಯಾ ಇಲ್ಲದ 40 ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ 90 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ 18 ತಿಂಗಳು ಸೇವಿಸಿದ, 2018ರ ಅಧ್ಯಯನದಲ್ಲಿ ಅವರ ನೆನಪಿನ ಪರೀಕ್ಷೆಯ ಅಂಕಗಳು ಸುಧಾರಿಸಿದವು. ಎರಡನೆಯದು ಆಸಕ್ತಿ ಹುಟ್ಟಿಸುವಂಥದ್ದೇ, ಆದರೆ 40 ಜನರ ಅಧ್ಯಯನದ ಮೇಲೆ ಎಲ್ಲರಿಗೂ ಶಿಫಾರಸು ಮಾಡುವುದು ಅವಸರವಾದೀತು.

ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿಯನ್ನು ನಿಧಾನವಾಗಿ ಓದಿ. “ಅರಿಶಿನ ಪುಡಿ 500 ಮಿಲಿಗ್ರಾಂ” ಎಂದಿದ್ದರೆ, ಪುಡಿಯಲ್ಲಿ ಕುರ್ಕುಮಿನ್ ಸುಮಾರು ಶೇ 3ರಷ್ಟೇ ಇರುವುದರಿಂದ ಒಂದು ಕ್ಯಾಪ್ಸೂಲಿನಲ್ಲಿ ಸಿಗುವುದು ಹತ್ತಿರ ಹತ್ತಿರ 15 ಮಿಲಿಗ್ರಾಂ. “ಶೇ 95 ಕುರ್ಕುಮಿನಾಯ್ಡ್ ಸಾರ 500 ಮಿಲಿಗ್ರಾಂ” ಎಂದಿದ್ದರೆ ಸುಮಾರು 475. ಮುಂಬದಿಯ ದೊಡ್ಡಕ್ಷರದಲ್ಲಿ ಎರಡೂ 500 ಎಂದೇ ಕಾಣುತ್ತವೆ. ಕೆಲವು ಕಡೆ ಅರಿಶಿನದ ಬಣ್ಣ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸಿದ್ದು ಪತ್ತೆಯಾಗಿದೆ; ಮಿದುಳಿನ ಒಳಿತಿಗೆಂದು ಸೇವಿಸುವ ಪುಡಿಯಲ್ಲಿ ಮಿದುಳಿಗೇ ವಿಷವಾದ ಸೀಸವಿದ್ದರೆ ಮಾಡಿದ್ದೆಲ್ಲ ತಿರುಗುಬಾಣ. ಭಾರಲೋಹಗಳ ಪರೀಕ್ಷೆಗೆ ಒಳಪಟ್ಟ ಉತ್ಪನ್ನವನ್ನೇ ಆರಿಸಿ.

ಕರಿಮೆಣಸಿನ ಪೈಪರಿನ್ ಬೆರೆಸಿದ ಮಾತ್ರೆ ಉತ್ತಮವಲ್ಲವೇ?

2 ಗ್ರಾಂ ಕುರ್ಕುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತೆಂದು 1998ರ ಅಧ್ಯಯನ ಹೇಳಿತು. ಅಂದಿನಿಂದ ಈ ಜೋಡಿ ಎಲ್ಲೆಡೆ ಹಬ್ಬಿದೆ. ಆದರೆ ಪೈಪರಿನ್ ಇದನ್ನು ಸಾಧಿಸುವುದು ಔಷಧಗಳನ್ನು ಒಡೆಯುವ ಕಿಣ್ವಗಳಿಗೂ ಅವನ್ನು ಕೋಶದಿಂದ ಹೊರದಬ್ಬುವ ಪಂಪುಗಳಿಗೂ ಅಡ್ಡಬಂದು. ಆ ಅಡ್ಡಿ ಕುರ್ಕುಮಿನ್‌ಗಷ್ಟೇ ಸೀಮಿತವಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನ ರಕ್ತದ ಮಟ್ಟವನ್ನು ಪೈಪರಿನ್ ಏರಿಸಬಲ್ಲದು ಎಂಬುದು ಮನುಷ್ಯರಲ್ಲೇ ಕಂಡುಬಂದಿದೆ, ಮತ್ತು ಫೆನಿಟಾಯಿನ್ ಸುರಕ್ಷಿತ ಮಟ್ಟಕ್ಕೂ ವಿಷಕಾರಿ ಮಟ್ಟಕ್ಕೂ ಅಂತರ ಕಡಿಮೆಯಿರುವ ಔಷಧ. ನರರೋಗಕ್ಕೆ ಔಷಧ ಸೇವಿಸುತ್ತಿರುವವರೇ ಈ ಮಾತ್ರೆಯ ಕಡೆಗೆ ಹೆಚ್ಚು ಒಲಿಯುವವರು ಎಂಬುದು ಗಮನಿಸಬೇಕಾದ ಸಂಗತಿ. ಹೆಚ್ಚು ಹೀರಲ್ಪಡುವ ಕುರ್ಕುಮಿನ್ ಮಾತ್ರೆಗಳಿಂದ ಹೆಪಟೈಟಿಸ್ ಬಂದ ಪ್ರಕರಣಗಳೂ ವರದಿಯಾಗಿವೆ. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು ಕಂಡರೆ ತಕ್ಷಣ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕೆ ಈ ಆತಂಕಗಳು ಅನ್ವಯಿಸುವುದಿಲ್ಲ.

ಒಮೆಗಾ-3 ಕೊಬ್ಬಿನಾಮ್ಲಗಳಿಂದ ಏನನ್ನು ನಿರೀಕ್ಷಿಸಬಹುದು?

ಇವುಗಳ ಹಿಂದಿರುವ ತರ್ಕ ಗಟ್ಟಿಯಾಗಿದೆ. ಡಿಎಚ್‌ಎ ಎಂಬುದು ನರಕೋಶಗಳ ಪೊರೆಯಲ್ಲೇ ಹೇರಳವಾಗಿರುವ ಕೊಬ್ಬಿನಾಮ್ಲ. ಇದೇ ಬಗೆಯ ಇನ್ನೊಂದು ಕೊಬ್ಬಿನಾಮ್ಲವಾದ ಇಪಿಎ ಮತ್ತು ಡಿಎಚ್‌ಎಗಳಿಂದ ದೇಹವು ರಿಸಾಲ್ವಿನ್‌ಗಳೆಂಬ ಅಣುಗಳನ್ನು ತಯಾರಿಸುತ್ತದೆ. ಚಾರ್ಲ್ಸ್ ಸೆರ್ಹಾನ್ ಅವರ ತಂಡ ಗುರುತಿಸಿದ ಈ ಅಣುಗಳು ಉರಿಯೂತವನ್ನು ಅಡ್ಡಗಟ್ಟುವ ಬದಲು ಅದು ತನ್ನ ಕೆಲಸ ಮುಗಿಸಿ ಶಮನವಾಗಲು ನೆರವಾಗುತ್ತವೆ.

ಪ್ರಯೋಗಗಳು ಅಷ್ಟು ಉದಾರವಾಗಿಲ್ಲ. ಆಲ್‌ಝೈಮರ್ ಇದ್ದ 402 ಮಂದಿಯ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂ ಡಿಎಚ್‌ಎ 18 ತಿಂಗಳು ಸೇವಿಸಿದವರಲ್ಲೂ ಕಾಯಿಲೆಯ ಗತಿ ನಿಧಾನವಾಗಲಿಲ್ಲವೆಂದು 2010ರಲ್ಲಿ ವರದಿಯಾಯಿತು. ಖಿನ್ನತೆ ಬಾರದಂತೆ ತಡೆಯಲು ದಿನಕ್ಕೆ 1 ಗ್ರಾಂ ಒಮೆಗಾ-3 ಕೊಟ್ಟ ದೊಡ್ಡ ಪ್ರಯೋಗವೂ 2021ರಲ್ಲಿ ಪ್ರಯೋಜನ ತೋರಲಿಲ್ಲ. ಇದ್ದುದರಲ್ಲಿ ಉತ್ತಮ ಆಧಾರವಿರುವುದು ಈಗಾಗಲೇ ಖಿನ್ನತೆಯಿರುವವರಿಗೆ, ನಡೆಯುತ್ತಿರುವ ಚಿಕಿತ್ಸೆಯ ಜೊತೆಗೆ, ಇಪಿಎ ಪಾಲು ಹೆಚ್ಚಿರುವ ಪೂರಕ ಕೊಡುವುದಕ್ಕೆ. ದಿನಕ್ಕೆ 1 ಗ್ರಾಂ ಮೀರಿದಂತೆ ಹೃದಯದ ಬಡಿತ ತಾಳತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ನ ಸಂಭವ ಹೆಚ್ಚುತ್ತದೆಯಾದ್ದರಿಂದ ಹೃದ್ರೋಗಿಗಳು ತಾವೇ ಪ್ರಮಾಣ ಏರಿಸಿಕೊಳ್ಳಬಾರದು.

ವಿಟಮಿನ್ ಡಿ ಇಲ್ಲಿ ಎಲ್ಲಿ ಬರುತ್ತದೆ?

ರೋಗನಿರೋಧಕ ಕೋಶಗಳಲ್ಲಿ ವಿಟಮಿನ್ ಡಿ ಗ್ರಾಹಕಗಳಿವೆ, ಮತ್ತು ಈ ಪಟ್ಟಿಯಲ್ಲಿ ಮನುಷ್ಯರಲ್ಲಿ ಹೆಚ್ಚು ವ್ಯವಸ್ಥಿತವಾಗಿ ಪರೀಕ್ಷೆಗೊಳಗಾದವುಗಳಲ್ಲಿ ಇದೂ ಒಂದು. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಮಂದಿ ಭಾಗವಹಿಸಿದ್ದರು. ದಿನಕ್ಕೆ 2000 ಯೂನಿಟ್ ಪಡೆದವರಲ್ಲಿ ಸುಮಾರು ಐದು ವರ್ಷಗಳಲ್ಲಿ ಸ್ವಯಂಪ್ರತಿರಕ್ಷಣಾ ಕಾಯಿಲೆಗಳು ಶೇ 22ರಷ್ಟು ಕಡಿಮೆ ಕಂಡವೆಂದು 2022ರಲ್ಲಿ ಪ್ರಕಟವಾಯಿತು.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಫಲಿತಾಂಶಗಳು ಪರಸ್ಪರ ಜಗ್ಗಾಡುತ್ತಿವೆ. ಬೇರೊಂದು ಔಷಧದ ಜೊತೆಗೆ ದಿನಕ್ಕೆ 5000 ಯೂನಿಟ್ ಕೊಟ್ಟ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 600 ಯೂನಿಟ್‌ಗಿಂತ ಹೆಚ್ಚಿನ ಲಾಭವಾಗಲಿಲ್ಲ. ಕಾಯಿಲೆಯ ಮೊದಲ ಲಕ್ಷಣ ಕಂಡ ಕೂಡಲೇ, ಬೇರೆ ಔಷಧವಿಲ್ಲದೆ, ಎರಡು ವಾರಕ್ಕೊಮ್ಮೆ 1,00,000 ಯೂನಿಟ್ ಕೊಟ್ಟ ಫ್ರಾನ್ಸಿನ ಪ್ರಯೋಗದಲ್ಲಿ ಎರಡು ವರ್ಷಗಳೊಳಗೆ ಕಾಯಿಲೆ ಮತ್ತೆ ಚಟುವಟಿಕೆ ತೋರಿದವರು ಶೇ 60.3, ಹುಸಿಮಾತ್ರೆಯ ಗುಂಪಿನಲ್ಲಿ ಶೇ 74.1 ಎಂದು 2025ರಲ್ಲಿ ವರದಿಯಾಯಿತು. ಬೇಗ ಶುರುಮಾಡಿದ್ದೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದೆಂದು ನನಗೆ ತೋರುತ್ತದೆ. ಆದರೆ ಅಷ್ಟು ದೊಡ್ಡ ಪ್ರಮಾಣ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಮಿತಿಮೀರಿದ ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಂ ಏರಿಸಿ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು, ಕೊನೆಗೆ ಮನಸ್ಸಿನ ಗೊಂದಲವನ್ನೇ ತರುತ್ತದೆ.

ಬೋಸ್ವೆಲಿಯಾದ ಬಗ್ಗೆ ಏನು ಹೇಳಬಹುದು?

ಶಲ್ಲಕಿ ಎಂದೂ ಕರೆಯುವ ಈ ಮರದ ಅಂಟಿನಲ್ಲಿರುವ ಬೋಸ್ವೆಲಿಕ್ ಆಮ್ಲಗಳು ಉರಿಯೂತದ ರಾಸಾಯನಿಕಗಳ ತಯಾರಿಕೆಗೆ ಬೇಕಾದ 5-ಲೈಪಾಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 44 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 4200 ಮಿಲಿಗ್ರಾಂ ಸಾರ, ಉಳಿದವರಿಗೆ ಹುಸಿಮಾತ್ರೆ ಕೊಟ್ಟ ಪ್ರಯೋಗದ ಫಲಿತಾಂಶ 2011ರಲ್ಲಿ ಬಂದಿತು: ಮಿದುಳಿನ ಊತ ಶೇ 75ಕ್ಕಿಂತ ಹೆಚ್ಚು ಇಳಿದದ್ದು ಸಾರ ಪಡೆದವರಲ್ಲಿ ಶೇ 60 ಮಂದಿಗೆ, ಹುಸಿಮಾತ್ರೆಯವರಲ್ಲಿ ಶೇ 26 ಮಂದಿಗೆ. ಊತವನ್ನು ಎಂಆರ್‌ಐನಲ್ಲಿ ಅಳೆದದ್ದರಿಂದ ಇದು ಅನಿಸಿಕೆಯ ಮಾತಲ್ಲ. ಕೆಲವರಿಗೆ ಭೇದಿಯಾಯಿತು. ಊತ ಇಳಿಸಲು ಕೊಡುವ ಸ್ಟೀರಾಯ್ಡ್‌ಗೆ ಬದಲಿಯಾಗಿ ಇದನ್ನು ಬಳಸಬಹುದೆಂದು ಈ ಒಂದು ಸಣ್ಣ ಪ್ರಯೋಗದಿಂದ ಹೇಳಲಾಗದು.

ಪಿಇಎ, ಲುಟಿಯೊಲಿನ್, ರೆಸ್ವೆರಟ್ರಾಲ್, ಹಸಿರು ಚಹಾದ ಸಾರ, ಗಿಂಕ್ಗೊ?

ಪಾಲ್ಮಿಟಾಯ್ಲ್‌ಎಥನಾಲಮೈಡ್, ಅಂದರೆ ಪಿಇಎ, ನಮ್ಮ ದೇಹವೇ ತಯಾರಿಸುವ ಕೊಬ್ಬಿನ ಅಣು. 1957ರಲ್ಲಿ ಮೊಟ್ಟೆಯ ಹಳದಿ, ಸೋಯಾ ಮತ್ತು ಕಡಲೆಕಾಯಿಯಿಂದ ಇದನ್ನು ಬೇರ್ಪಡಿಸಲಾಯಿತು. ಅಲರ್ಜಿ ಮತ್ತು ಉರಿಯೂತದಲ್ಲಿ ಪಾಲ್ಗೊಳ್ಳುವ ಮಾಸ್ಟ್ ಕೋಶಗಳನ್ನು ಇದು ಶಾಂತಗೊಳಿಸುತ್ತದೆಂಬ ಅಂಶವನ್ನು ನೊಬೆಲ್ ಪುರಸ್ಕೃತೆ ರೀಟಾ ಲೆವಿ-ಮೊಂಟಾಲ್ಚಿನಿ ಅವರ ತಂಡ 1993ರಲ್ಲಿ ಮುಂದಿಟ್ಟಿತು. ದೀರ್ಘಕಾಲದ ನೋವಿನಲ್ಲಿ ಸಾಧಾರಣ ಮಟ್ಟದ ಪುರಾವೆಯಿದೆ, ಅಡ್ಡಪರಿಣಾಮ ಕಡಿಮೆ. ಸಸ್ಯಗಳಲ್ಲಿರುವ ಲುಟಿಯೊಲಿನ್ ಜೊತೆ ಸೇರಿಸಿ ಕೋವಿಡ್ ನಂತರದ ವಾಸನೆ ನಷ್ಟದಲ್ಲಿ ಪರೀಕ್ಷಿಸಿದಾಗ, ವಾಸನೆಯ ತರಬೇತಿಯೊಂದಿಗೆ ಬಳಸಿದವರಲ್ಲಿ ಸುಧಾರಣೆ ಕಂಡಿದೆ.

ಉಳಿದವುಗಳನ್ನು ಬೇಗ ಮುಗಿಸಬಹುದು. ರೆಸ್ವೆರಟ್ರಾಲ್ ದೊಡ್ಡ ಪ್ರಮಾಣದಲ್ಲಿ ಪಡೆದ ಆಲ್‌ಝೈಮರ್ ರೋಗಿಗಳಲ್ಲಿ ಮಿದುಳಿನ ಗಾತ್ರ ಹುಸಿಮಾತ್ರೆಯವರಿಗಿಂತ ಹೆಚ್ಚು ಕುಗ್ಗಿತ್ತೆಂದು 2015ರ ಅಧ್ಯಯನ ತೋರಿಸಿತು. ಅದರ ಅರ್ಥವೇನೆಂಬ ಚರ್ಚೆ ನಡೆದೇ ಇದೆ. ಹಸಿರು ಚಹಾದ ಇಜಿಸಿಜಿ ಪೂರಕ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ತಲುಪಿದರೆ ಲಿವರ್ ಕಿಣ್ವಗಳು ಏರಬಹುದೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಗಿಂಕ್ಗೊ ಡಿಮೆನ್ಷಿಯಾವನ್ನು ತಡೆಯುವುದಿಲ್ಲವೆಂಬುದು 3069 ವಯೋವೃದ್ಧರ ಪ್ರಯೋಗದಿಂದ 2008ರಲ್ಲೇ ತಿಳಿದಿದೆ.

ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಎಂದರೇನು? ಅದು ನೈಸರ್ಗಿಕವೇ?

ಅಲ್ಲ. ಅಫೀಮು ವರ್ಗದ ವ್ಯಸನಕ್ಕೆ ದಿನಕ್ಕೆ 50 ಮಿಲಿಗ್ರಾಂನಂತೆ ಕೊಡಲು 1984ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಔಷಧವಿದು. ಅದನ್ನೇ 1.5ರಿಂದ 4.5 ಮಿಲಿಗ್ರಾಂನಷ್ಟು ಕೊಟ್ಟರೆ ಮೈಕ್ರೊಗ್ಲಿಯಾದ ಟಿಎಲ್‌ಆರ್4 ಎಂಬ ಗ್ರಾಹಕವನ್ನು ತಡೆದು ಉರಿಯೂತ ಇಳಿಸಬಹುದೆಂಬುದು ಸಿದ್ಧಾಂತ. ಮೈಯೆಲ್ಲ ನೋಯುವ ದೀರ್ಘಕಾಲದ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾದ ಮೊದಲ ಸಣ್ಣ ಅಧ್ಯಯನಗಳು ಭರವಸೆ ಮೂಡಿಸಿದ್ದವು; ಡೆನ್ಮಾರ್ಕಿನಲ್ಲಿ 99 ಮಹಿಳೆಯರಲ್ಲಿ 6 ಮಿಲಿಗ್ರಾಂ ಪ್ರಮಾಣವನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗದಲ್ಲಿ ನೋವಿನಲ್ಲಿ ಹುಸಿಮಾತ್ರೆಗಿಂತ ಸ್ಪಷ್ಟ ವ್ಯತ್ಯಾಸ ಬರಲಿಲ್ಲ, ಮರೆವಿನ ತೊಂದರೆ ಮಾತ್ರ ಕಡಿಮೆಯಾದಂತೆ ಕಂಡಿತು. ಮಾರ್ಫಿನ್, ಟ್ರಮಡಾಲ್‌ನಂಥ ನೋವುನಿವಾರಕ ಸೇವಿಸುವವರು ಇದನ್ನು ತೆಗೆದುಕೊಳ್ಳುವಂತಿಲ್ಲ.

ಹಾಗಾದರೆ ಪ್ರಕೃತಿಯಿಂದ ಬಂದ ಯಾವುದೂ ಮಿದುಳಿನ ಉರಿಯೂತಕ್ಕೆ ಕೆಲಸ ಮಾಡುವುದಿಲ್ಲವೇ?

ಚೆನ್ನಾಗಿಯೇ ಕೆಲಸ ಮಾಡಿದವು ಇವೆ, ಅವನ್ನು ಯಾರೂ “ನೈಸರ್ಗಿಕ” ಎಂದು ಕರೆಯುವುದಿಲ್ಲ ಅಷ್ಟೆ. ಕೀಟಗಳ ಮೇಲೆ ಬೆಳೆಯುವ ಇಸೇರಿಯಾ ಸಿಂಕ್ಲೇರಿ ಎಂಬ ಶಿಲೀಂಧ್ರದಲ್ಲಿ ಮಿರಿಯೊಸಿನ್ ಎಂಬ ರೋಗನಿರೋಧಕ ಶಕ್ತಿ ಅಡಗಿಸುವ ವಸ್ತು ಸಿಕ್ಕಿತು. ಅದರ ರಚನೆಯನ್ನು ರಸಾಯನಶಾಸ್ತ್ರಜ್ಞರು ತಿದ್ದಿ ರೂಪಿಸಿದ್ದೇ ಫಿಂಗೊಲಿಮಾಡ್. ಲಿಂಫೊಸೈಟುಗಳೆಂಬ ಬಿಳಿ ರಕ್ತಕಣಗಳು ದುಗ್ಧಗ್ರಂಥಿಗಳಿಂದ ಹೊರಬಾರದಂತೆ ಹಿಡಿದಿಡುವ ಈ ಮಾತ್ರೆ 2010ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅನುಮೋದನೆ ಪಡೆಯಿತು. ಅದೇ ಕಾಯಿಲೆಗೆ 2013ರಲ್ಲಿ ಬಂದ ಔಷಧ ಡೈಮಿಥೈಲ್ ಫ್ಯುಮರೇಟ್‌ನ ಮೂಲವಾದ ಫ್ಯುಮರಿಕ್ ಆಮ್ಲ ಫ್ಯುಮೇರಿಯಾ ಗಿಡದಲ್ಲಿದೆ, ನಮ್ಮ ಪ್ರತಿಯೊಂದು ಕೋಶದ ಶಕ್ತಿಚಕ್ರದಲ್ಲೂ ಇದೆ. ಈ ಔಷಧ ಕೋಶದ ರಕ್ಷಣಾ ವ್ಯವಸ್ಥೆಯಾದ ಎನ್‌ಆರ್‌ಎಫ್2 ಮಾರ್ಗವನ್ನು ಎಚ್ಚರಿಸುತ್ತದೆ. ಕುತೂಹಲದ ಮಾತೆಂದರೆ ಸಲ್ಫೊರಾಫೇನ್‌ನಂಥ ತರಕಾರಿ ಸಂಯುಕ್ತಗಳನ್ನು ಮಾರುವವರು ಹೇಳಿಕೊಳ್ಳುವುದೂ ಇದೇ ಮಾರ್ಗವನ್ನು.

ಕೆಲಸ ಮಾಡುವ ವಸ್ತುವಿನ ಇನ್ನೊಂದು ಮುಖವೂ ಇಲ್ಲಿ ಕಾಣುತ್ತದೆ. ಫಿಂಗೊಲಿಮಾಡ್‌ನ ಮೊದಲ ಮಾತ್ರೆ ನುಂಗಿದ ಮೇಲೆ ಹೃದಯದ ಬಡಿತ ನಿಧಾನವಾಗುವುದರಿಂದ ಆರು ಗಂಟೆ ನಿಗಾದಲ್ಲಿಡುತ್ತಾರೆ. ಡೈಮಿಥೈಲ್ ಫ್ಯುಮರೇಟ್ ಸೇವಿಸುವವರ ಲಿಂಫೊಸೈಟ್ ಎಣಿಕೆಯನ್ನು ಆಗಾಗ ನೋಡುತ್ತಾರೆ, ಏಕೆಂದರೆ ಅದು ಬಹಳ ಇಳಿದವರಲ್ಲಿ ಪಿಎಂಎಲ್ ಎಂಬ ಮಾರಕ ಮಿದುಳಿನ ಸೋಂಕು ಅಪರೂಪಕ್ಕೆ ಬಂದಿದೆ. ಮಿದುಳಿನ ರೋಗನಿರೋಧಕತೆಯನ್ನು ನಿಜಕ್ಕೂ ಬದಲಿಸುವಷ್ಟು ಶಕ್ತಿಯಿರುವ ವಸ್ತುವಿಗೆ ಅಡ್ಡಪರಿಣಾಮವೇ ಇಲ್ಲವೆಂದು ಯಾರಾದರೂ ಹೇಳಿದರೆ, ಆ ಶಕ್ತಿಯ ಬಗ್ಗೆಯೇ ಸಂಶಯಪಡಬೇಕು.

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದೇಕೆ?

ಇಲಿಗೆ ಕಾಯಿಲೆಯನ್ನು ನಾವೇ ತಂದು, ಬಹುಪಾಲು ಅದಕ್ಕೂ ಮೊದಲೇ ಅಥವಾ ಜೊತೆಜೊತೆಗೇ ಸಂಯುಕ್ತವನ್ನು ಚುಚ್ಚಿರುತ್ತೇವೆ. ಮನುಷ್ಯನ ಆಲ್‌ಝೈಮರ್ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಬದಲಾವಣೆಗೆ ಹತ್ತಾರು ವರ್ಷ ಕಳೆದಿರುತ್ತದೆ. ಇಲಿಗೆ ತೂಕಕ್ಕನುಗುಣವಾಗಿ ಕೊಡುವ ಪ್ರಮಾಣ ಮನುಷ್ಯ ನುಂಗಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು.

ನಿದ್ರೆ, ವ್ಯಾಯಾಮ, ಆಹಾರದ ನಾರಿನಿಂದ ಪ್ರಯೋಜನವಿದೆಯೇ?

ಇದೆ, ಆದರೆ ಇವುಗಳ ಪರಿಣಾಮ ನಿಧಾನ. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ತಯಾರಿಸುವ ಸಣ್ಣ ಕೊಬ್ಬಿನಾಮ್ಲಗಳು ಮೈಕ್ರೊಗ್ಲಿಯಾದ ಬೆಳವಣಿಗೆಗೆ ಬೇಕೆಂಬುದು ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ 2015ರಲ್ಲಿ ತಿಳಿಯಿತು. ನಿದ್ರೆಗೆಟ್ಟಾಗ ರಕ್ತದಲ್ಲಿ ಉರಿಯೂತದ ಸೂಚಕಗಳು ಏರುತ್ತವೆ. ನಿಯಮಿತ ವ್ಯಾಯಾಮ ಅವನ್ನು ಇಳಿಸುತ್ತದೆ. ರಕ್ತದೊತ್ತಡ, ಮಧುಮೇಹ, ಧೂಮಪಾನಗಳನ್ನು ಹತೋಟಿಗೆ ತಂದುಕೊಳ್ಳದೆ ಮಾತ್ರೆಗಳ ಹಿಂದೆ ಬೀಳುವುದರಲ್ಲಿ ಹುರುಳಿಲ್ಲ.

ವೈದ್ಯರ ಒಪ್ಪಿಗೆಯೊಂದಿಗೆ ಒಂದು ಪೂರಕವನ್ನು ಪ್ರಯತ್ನಿಸುವುದಾದರೆ ಹೇಗೆ?

ಒಮ್ಮೆಗೆ ಒಂದನ್ನೇ ಆರಂಭಿಸಿ. ನಾಲ್ಕನ್ನು ಒಟ್ಟಿಗೆ ಶುರುಮಾಡಿದರೆ ಲಾಭವಾದರೂ ತೊಂದರೆಯಾದರೂ ಅದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಯಾವ ಲಕ್ಷಣ ಸುಧಾರಿಸಬೇಕು, ಎಷ್ಟು ಕಾಲ ಕಾಯುವುದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಫಿಟ್ಸ್ ಔಷಧ, ಅಂಗಾಂಗ ಕಸಿಯ ನಂತರದ ಔಷಧ ಸೇವಿಸುವವರು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ತಾವಾಗಿ ಪ್ರಯೋಗಕ್ಕೆ ಇಳಿಯಬಾರದು. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಕಸಿಯ ನಂತರ ಕೊಡುವ ಸೈಕ್ಲೊಸ್ಪೊರಿನ್‌ನ ಮಟ್ಟವನ್ನು ಇಳಿಸಿ, ಕಸಿ ಮಾಡಿದ ಅಂಗವನ್ನೇ ದೇಹ ತಿರಸ್ಕರಿಸಿದ ಉದಾಹರಣೆಗಳಿವೆ. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದರೆ ಸೇವಿಸುತ್ತಿರುವ ಎಲ್ಲ ಪೂರಕಗಳ ಹೆಸರು ಮತ್ತು ಪ್ರಮಾಣವನ್ನು ಅರಿವಳಿಕೆ ತಜ್ಞರಿಗೆ ಬರೆದು ಕೊಡಿ. ಡಬ್ಬಿಗಳನ್ನೇ ಒಯ್ದು ತೋರಿಸಿದರೆ ಇನ್ನೂ ಅನುಕೂಲ.